ಟ್ರ್ಯಾಕ್ಟರ್ ಟ್ರೇಲರ್‌ನ ದೀಪಗಳು ಮತ್ತು ವಿದ್ಯುತ್ ಜೋಡಣೆ: ಮೊದಲ ಬಾರಿಗೆ ಟ್ರೇಲರ್ ಕೊಂಡ ರೈತರಿಗೆ ಮಾಹಿತಿ

ರಾಮದುರ್ಗ ತಾಲ್ಲೂಕಿನ ಸಾಲಹಳ್ಳಿ ಮತ್ತು ಸುತ್ತಲಿನ ಗ್ರಾಮಗಳಲ್ಲಿ, ಹಾಗೆಯೇ ಸವದತ್ತಿ, ಬೈಲಹೊಂಗಲ ಮತ್ತು ಕಿತ್ತೂರು ತಾಲ್ಲೂಕುಗಳಲ್ಲಿ ಟ್ರ್ಯಾಕ್ಟರ್ ಇಂದು ಉಳುಮೆಗೆ ಮಾತ್ರ ಸೀಮಿತವಾಗಿಲ್ಲ. ಕಬ್ಬನ್ನು ಕಾರ್ಖಾನೆಗೆ, ಗೋವಿನಜೋಳ ಮತ್ತು ಕಡಲೆಯನ್ನು ಮಾರುಕಟ್ಟೆಗೆ, ಗೊಬ್ಬರವನ್ನು ಹೊಲಕ್ಕೆ ಸಾಗಿಸುವ ಕೆಲಸವೂ ಅದರದೇ ಆಗಿದೆ. ಟ್ರೇಲರ್ ಕೊಳ್ಳುವಾಗ ರೈತರು ಅದರ ಉಕ್ಕಿನ ದಪ್ಪ, ಚಕ್ರ, ಆಕ್ಸಲ್ ಮತ್ತು ಹೊರುವ ಭಾರವನ್ನು ಕೂಲಂಕಷವಾಗಿ ಪರಿಶೀಲಿಸುತ್ತಾರೆ. ಆದರೆ ಅದರ ಹಿಂಬದಿಯ ದೀಪಗಳು ಮತ್ತು ಅವುಗಳಿಗೆ ವಿದ್ಯುತ್ ಒಯ್ಯುವ ತಂತಿಗಳ ಕಡೆಗೆ ಗಮನ ಕೊಡುವವರು ವಿರಳ.

ಕಬ್ಬು ನುರಿಸುವ ಹಂಗಾಮು ಸಾಮಾನ್ಯವಾಗಿ ನವೆಂಬರ್‌ನಿಂದ ಮಾರ್ಚ್‌ವರೆಗೆ ನಡೆಯುತ್ತದೆ. ಈ ಅವಧಿಯಲ್ಲಿ ಹಗಲು ಚಿಕ್ಕದು; ಸಾಗಾಣಿಕೆಯ ಬಹುಭಾಗ ರಾತ್ರಿಯಲ್ಲೇ ಆಗುತ್ತದೆ. ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ಬನದ ಹುಣ್ಣಿಮೆ ಮತ್ತು ಭಾರತ ಹುಣ್ಣಿಮೆಗೆ ಚಕ್ಕಡಿ ಕಟ್ಟಿಕೊಂಡು ಹಾಗೂ ಕಾಲ್ನಡಿಗೆಯಲ್ಲಿ ಹೋಗುವ ಭಕ್ತರು ಇದೇ ತಿಂಗಳುಗಳಲ್ಲಿ ಇದೇ ರಸ್ತೆಗಳಲ್ಲಿ ಇರುತ್ತಾರೆ. ದೀಪವಿಲ್ಲದ ಟ್ರೇಲರ್ ಇಂತಹ ರಸ್ತೆಯಲ್ಲಿ ಜೀವಕ್ಕೆ ಅಪಾಯ ತರುತ್ತದೆ. ಟ್ರೇಲರ್ ದೀಪಗಳ ಬಹುತೇಕ ದೋಷಗಳಿಗೆ ಒಂದೇ ಮೂಲ ಕಾರಣವಿದ್ದು, ಅದನ್ನು ಅರಿತರೆ ರೈತರು ತಾವೇ ಅವುಗಳನ್ನು ಪತ್ತೆ ಹಚ್ಚಬಹುದು. ಆ ಕಾರಣವನ್ನೂ ಪರಿಹಾರವನ್ನೂ ಈ ಲೇಖನದಲ್ಲಿ ವಿವರಿಸಲಾಗಿದೆ.

ಹಿಂಬದಿ ದೀಪದ ಮಹತ್ವ

ಗಂಟೆಗೆ 60 ಕಿ.ಮೀ. ವೇಗದಲ್ಲಿ ಬರುವ ಮೋಟಾರ್ ಸೈಕಲ್ ಒಂದು ಸೆಕೆಂಡಿಗೆ ಸುಮಾರು 16.7 ಮೀಟರ್ ಕ್ರಮಿಸುತ್ತದೆ. ಸವಾರನಿಗೆ ಅಪಾಯದ ಅರಿವಾಗಿ ಬ್ರೇಕ್ ಒತ್ತುವಷ್ಟರಲ್ಲಿ ಒಂದರಿಂದ ಒಂದೂವರೆ ಸೆಕೆಂಡ್ ಕಳೆದಿರುತ್ತದೆ. ಬ್ರೇಕ್ ಹಿಡಿದ ನಂತರ ವಾಹನ ನಿಲ್ಲಲು ಇನ್ನಷ್ಟು ದೂರ ಬೇಕು. ಒಣ ಡಾಂಬರು ರಸ್ತೆಯಲ್ಲಿಯೂ ಒಟ್ಟು 45ರಿಂದ 50 ಮೀಟರ್ ಅಂತರ ಬೇಕಾಗುತ್ತದೆ.

ರಸ್ತೆಯಲ್ಲಿ ನಿಂತಿರುವ, ದೀಪವಿಲ್ಲದ, ಮಣ್ಣು ಮೆತ್ತಿದ ಟ್ರೇಲರ್ ಆ ಸವಾರನಿಗೆ 30 ಮೀಟರ್ ದೂರದಲ್ಲಿ ಕಂಡಿತೆಂದು ಭಾವಿಸೋಣ. ಅವನಿಗೆ ಉಳಿಯುವುದು 2 ಸೆಕೆಂಡಿಗಿಂತ ಕಡಿಮೆ ಕಾಲ. ಎಷ್ಟೇ ಜಾಗರೂಕನಾಗಿದ್ದರೂ ಅವನು ವಾಹನ ನಿಲ್ಲಿಸಲಾರ. ಎದುರಿನಿಂದ ಬರುವ ವಾಹನದ ಬೆಳಕು ಕಣ್ಣಿಗೆ ಹೊಡೆಯುತ್ತಿದ್ದರೆ ಈ ದೂರ ಇನ್ನೂ ಕಡಿಮೆಯಾಗುತ್ತದೆ.

1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ವಾಹನದ ಹಿಂಬದಿಯ ಕೆಂಪು ದೀಪವು 155 ಮೀಟರ್ ದೂರದಿಂದ ಕಾಣುವಂತಿರಬೇಕು. ಅಷ್ಟು ದೂರದಿಂದ ಕಂಡರೆ ಅದೇ ಸವಾರನಿಗೆ 9 ಸೆಕೆಂಡ್‌ಗಳು ದೊರೆಯುತ್ತವೆ. 5 ವ್ಯಾಟ್‌ನ ಒಂದು ಸಣ್ಣ ಬಲ್ಬು ಉಳಿಸಿಕೊಡುವ ಈ ಕೆಲವು ಸೆಕೆಂಡ್‌ಗಳೇ ಜೀವ ಉಳಿಯುವುದಕ್ಕೂ ಹೋಗುವುದಕ್ಕೂ ಇರುವ ವ್ಯತ್ಯಾಸ.

ವಿದ್ಯುತ್ ಹೋಗುವ ದಾರಿ ಮತ್ತು ಮರಳುವ ದಾರಿ

ಟ್ರ್ಯಾಕ್ಟರ್‌ನ ಬ್ಯಾಟರಿ 12 ವೋಲ್ಟ್‌ನದು. ಅದರ ಧನ ತುದಿಯಿಂದ ಹೊರಟ ವಿದ್ಯುತ್ ಫ್ಯೂಸ್ ಮತ್ತು ಸ್ವಿಚ್‌ಗಳನ್ನು ದಾಟಿ ಬಲ್ಬನ್ನು ತಲುಪುತ್ತದೆ. ಬಲ್ಬನ್ನು ಬೆಳಗಿಸಿ ಬ್ಯಾಟರಿಯ ಋಣ ತುದಿಗೆ ಮರಳುತ್ತದೆ. ಹೋಗುವ ದಾರಿ ಮತ್ತು ಮರಳುವ ದಾರಿ ಎರಡೂ ಸರಿಯಿದ್ದಾಗ ಮಾತ್ರ ದೀಪ ಪೂರ್ಣವಾಗಿ ಬೆಳಗುತ್ತದೆ.

ಟ್ರ್ಯಾಕ್ಟರ್‌ನಲ್ಲಿ ಬ್ಯಾಟರಿಯ ಋಣ ತುದಿಯನ್ನು ಲೋಹದ ಚೌಕಟ್ಟಿಗೆ ಜೋಡಿಸಿರುತ್ತಾರೆ. ಆದ್ದರಿಂದ ಟ್ರ್ಯಾಕ್ಟರ್‌ನ ದೀಪಗಳಿಗೆ ಆ ಚೌಕಟ್ಟೇ ಮರಳುವ ದಾರಿ. ಇದನ್ನೇ ಮೆಕ್ಯಾನಿಕ್‌ಗಳು ‘ಅರ್ತ್’ ಎನ್ನುತ್ತಾರೆ. ಟ್ರೇಲರ್‌ನ ವಿಷಯ ಬೇರೆ. ಟ್ರ್ಯಾಕ್ಟರ್‌ಗೂ ಟ್ರೇಲರ್‌ಗೂ ಇರುವ ಲೋಹದ ಸಂಪರ್ಕವೆಂದರೆ ಹಿಚ್ ಪಿನ್ ಒಂದೇ. ಆ ಪಿನ್‌ಗೆ ಗ್ರೀಸ್ ಹಚ್ಚಿರುತ್ತದೆ, ತುಕ್ಕು ಹಿಡಿದಿರುತ್ತದೆ, ಎರೆಮಣ್ಣು ಮೆತ್ತಿರುತ್ತದೆ. ಟ್ರೇಲರ್ ಕುಲುಕಿದಂತೆಲ್ಲ ಅದು ಸಡಿಲವಾಗಿ ಅಲುಗಾಡುತ್ತದೆ. ಇಂತಹ ಪಿನ್ ಭಾರ ಎಳೆಯಲು ತಕ್ಕದ್ದಾದರೂ ವಿದ್ಯುತ್ ಮರಳಲು ನಂಬಿಕೆಗೆ ಅರ್ಹವಲ್ಲ.

ಹಣ ಉಳಿಸಲು ಅನೇಕರು ಅರ್ತ್ ತಂತಿಯನ್ನು ಬಿಟ್ಟು, ದೀಪದ ಒಂದು ತುದಿಯನ್ನು ಟ್ರೇಲರ್‌ನ ಉಕ್ಕಿಗೆ ಬಿಗಿದುಬಿಡುತ್ತಾರೆ. ಅಂಗಡಿಯ ಮುಂದೆ ದೀಪ ಬೆಳಗುತ್ತದೆ. ರಸ್ತೆಗೆ ಇಳಿದ ಮೇಲೆ ಮಿಣುಕುತ್ತದೆ, ಕೆಲವು ದಿನಗಳಲ್ಲಿ ಆರಿಹೋಗುತ್ತದೆ. ಟ್ರೇಲರ್ ದೀಪಗಳ ದೋಷಗಳಲ್ಲಿ ಹೆಚ್ಚಿನವು ಬಲ್ಬಿನಲ್ಲಿರುವುದಿಲ್ಲ, ಈ ಮರಳುವ ದಾರಿಯಲ್ಲಿರುತ್ತವೆ. ಆದ್ದರಿಂದ ಟ್ರ್ಯಾಕ್ಟರ್‌ನ ಸಾಕೆಟ್‌ನಿಂದ ಪ್ರತಿಯೊಂದು ದೀಪದವರೆಗೆ ಪ್ರತ್ಯೇಕ ಅರ್ತ್ ತಂತಿಯನ್ನು ಎಳೆಯುವುದು ಮೊದಲ ಹಾಗೂ ಮುಖ್ಯ ನಿಯಮವಾಗಿದೆ.

ಏಳು ಪಿನ್‌ಗಳ ಸಾಕೆಟ್

ಟ್ರ್ಯಾಕ್ಟರ್‌ನ ಹಿಂಬದಿಯಲ್ಲಿ ಏಳು ಪಿನ್‌ಗಳ ದುಂಡನೆಯ ಸಾಕೆಟ್ ಇರುತ್ತದೆ. ಅದರ ಮುಚ್ಚಳ ತೆರೆದು ನೋಡಿದರೆ ಪ್ರತಿ ಪಿನ್ನಿನ ಬಳಿ 1ರಿಂದ 7ರವರೆಗೆ ಸಂಖ್ಯೆಗಳನ್ನು ಕಾಣಬಹುದು. 12 ವೋಲ್ಟ್ ವಾಹನಗಳಿಗೆ ಅನ್ವಯಿಸುವ ಅಂತಾರಾಷ್ಟ್ರೀಯ ಮಾನಕದಂತೆ (ಐಎಸ್‌ಒ 1724) ಪಿನ್‌ಗಳ ಹಂಚಿಕೆ ಹೀಗಿದೆ:

1 – ಎಡ ಇಂಡಿಕೇಟರ್ – ಹಳದಿ ತಂತಿ
2 – ಹಿಂಬದಿಯ ಮಂಜು ದೀಪ – ನೀಲಿ ತಂತಿ (ಟ್ರ್ಯಾಕ್ಟರ್‌ಗಳಲ್ಲಿ ಖಾಲಿ ಇರಬಹುದು)
3 – ಅರ್ತ್ – ಬಿಳಿ ತಂತಿ
4 – ಬಲ ಇಂಡಿಕೇಟರ್ – ಹಸಿರು ತಂತಿ
5 – ಬಲಬದಿಯ ಹಿಂದೀಪ – ಕಂದು ತಂತಿ
6 – ಬ್ರೇಕ್ ದೀಪಗಳು – ಕೆಂಪು ತಂತಿ
7 – ಎಡಬದಿಯ ಹಿಂದೀಪ – ಕಪ್ಪು ತಂತಿ

ಯುರೋಪಿನ ದೇಶಗಳಲ್ಲಿ ಕಾರಿನ ಹಿಂದೆ ವಾಸದ ಗಾಡಿಯನ್ನು, ಅಂದರೆ ಕ್ಯಾರವಾನನ್ನು ಎಳೆಯುವವರು ಬಳಸುತ್ತಾ ಬಂದಿರುವುದೂ ಇದೇ ಹಂಚಿಕೆಯನ್ನೇ. ಗಾಡಿಯೊಳಗಿನ ಫ್ರಿಜ್ ಮತ್ತು ಬ್ಯಾಟರಿಗೆ ಅವರು ಎರಡನೆಯ ಏಳು ಪಿನ್ ಸಾಕೆಟ್ ಅಥವಾ ಹದಿಮೂರು ಪಿನ್‌ಗಳ ಸಾಕೆಟ್ ಬಳಸುತ್ತಾರೆ. ರೈತರಿಗೆ ರಸ್ತೆಯ ದೀಪಗಳಷ್ಟೇ ಸಾಕಾದುದರಿಂದ ಏಳು ಪಿನ್‌ಗಳೇ ಸಾಕು.

ಇಲ್ಲಿ ಎರಡು ಎಚ್ಚರಿಕೆಗಳು ಅಗತ್ಯ. ಮೊದಲನೆಯದಾಗಿ, ತಂತಿಯ ಬಣ್ಣವನ್ನು ಮಾತ್ರ ನಂಬಬಾರದು. ಸ್ಥಳೀಯವಾಗಿ ತಯಾರಾದ ಅಥವಾ ಬೇರೆಯವರಿಂದ ಕೊಂಡ ಹಳೆಯ ಟ್ರೇಲರ್‌ಗಳಲ್ಲಿ ಕೈಗೆ ಸಿಕ್ಕ ಬಣ್ಣದ ತಂತಿ ಹಾಕಿರುವ ಸಾಧ್ಯತೆ ಇದೆ. ಪಿನ್‌ನ ಸಂಖ್ಯೆಯನ್ನು ನೋಡಿ, ಟ್ರ್ಯಾಕ್ಟರ್‌ನ ಕೈಪಿಡಿಯೊಂದಿಗೆ ಹೋಲಿಸಿ, ಪ್ರತಿಯೊಂದನ್ನೂ ಪರೀಕ್ಷಿಸಬೇಕು. ಎರಡನೆಯದಾಗಿ, ದೊಡ್ಡ ಲಾರಿಗಳ ವಿದ್ಯುತ್ ವ್ಯವಸ್ಥೆ ಸಾಮಾನ್ಯವಾಗಿ 24 ವೋಲ್ಟ್‌ನದು. ಲಾರಿಯ ಬಲ್ಬನ್ನು ಟ್ರೇಲರ್‌ಗೆ ಹಾಕಿದರೆ ಅದು ಮಂಕಾಗಿ ಉರಿಯುತ್ತದೆ. ಬಲ್ಬಿನ ಮೇಲೆ 12 ವೋಲ್ಟ್ ಎಂದು ಮುದ್ರಿತವಾಗಿರುವುದನ್ನು ನೋಡಿಯೇ ಕೊಳ್ಳಬೇಕು.

ಅರ್ತ್ ಕಡಿದಾಗ ಕಾಣುವ ವಿಚಿತ್ರ ಲಕ್ಷಣಗಳು

ಹಿಂಬದಿಯ ಕೆಂಪು ದೀಪದಲ್ಲಿ ಸಾಮಾನ್ಯವಾಗಿ ಎರಡು ಎಳೆಗಳಿರುವ ಒಂದೇ ಬಲ್ಬು ಇರುತ್ತದೆ. 5 ವ್ಯಾಟ್‌ನ ಎಳೆ ಹಿಂದೀಪಕ್ಕೆ. 21 ವ್ಯಾಟ್‌ನ ಎಳೆ ಬ್ರೇಕ್ ದೀಪಕ್ಕೆ. ಎರಡೂ ಎಳೆಗಳ ಮರಳುವ ದಾರಿ ಒಂದೇ.

ಹೊಲದ ಕಾಲುವೆಯನ್ನು ನೆನಪಿಸಿಕೊಳ್ಳಿ. ನೀರು ಹೊರಹೋಗುವ ಬಾಯಿ ಕಟ್ಟಿಕೊಂಡರೆ ನೀರು ನಿಲ್ಲುವುದಿಲ್ಲ, ಬದುವನ್ನು ದಾಟಿ ಪಕ್ಕದ ಹೊಲಕ್ಕೆ ನುಗ್ಗುತ್ತದೆ. ಅರ್ತ್ ಕಡಿದಾಗ ವಿದ್ಯುತ್ ಸಹ ಹೀಗೆಯೇ ವರ್ತಿಸುತ್ತದೆ. ಬ್ರೇಕ್ ಒತ್ತಿದಾಗ 21 ವ್ಯಾಟ್‌ನ ಎಳೆಯನ್ನು ದಾಟಿದ ವಿದ್ಯುತ್‌ಗೆ ಮರಳುವ ದಾರಿ ಸಿಗದೆ, 5 ವ್ಯಾಟ್‌ನ ಎಳೆಯ ಮೂಲಕ ಹಿಮ್ಮುಖವಾಗಿ ಹಿಂದೀಪದ ತಂತಿಗೆ ಹೋಗಿ, ಟ್ರ್ಯಾಕ್ಟರ್‌ನ ಬೇರೆ ದೀಪಗಳ ಮೂಲಕ ಬ್ಯಾಟರಿಯನ್ನು ಸೇರುತ್ತದೆ. ಆಗ ಕೆಳಗಿನ ಲಕ್ಷಣಗಳು ಕಾಣಿಸಿಕೊಳ್ಳುತ್ತವೆ:

• ಬ್ರೇಕ್ ಒತ್ತಿದರೆ ಎಲ್ಲ ದೀಪಗಳೂ ಮಂಕಾಗಿ ಉರಿಯುತ್ತವೆ.
• ಒಂದು ಬದಿಯ ಇಂಡಿಕೇಟರ್ ಹಾಕಿದರೆ ಹಿಂದೀಪವೂ ಜೊತೆಯಲ್ಲಿ ಮಿನುಗುತ್ತದೆ.
• ಹಿಂದೀಪ ಹಾಕಿದಾಗ ಸರಿಯಾಗಿರುವ ಇಂಡಿಕೇಟರ್, ಬ್ರೇಕ್ ಒತ್ತಿದಾಗ ನಿಂತುಹೋಗುತ್ತದೆ.
• ಗುಂಡಿಗೆ ಇಳಿದಾಗ ದೀಪ ಆರಿ, ಮೇಲೆ ಬಂದಾಗ ಮತ್ತೆ ಬೆಳಗುತ್ತದೆ.

ಇಂತಹ ಸಂದರ್ಭದಲ್ಲಿ ಬಲ್ಬು ಬದಲಿಸಿ ಪ್ರಯೋಜನವಿಲ್ಲ. ಒಂದು ದೀಪ ಹಾಕಿದರೆ ಇನ್ನೊಂದು ಸ್ಪಂದಿಸುತ್ತಿದ್ದರೆ ಮೊದಲು ಅರ್ತ್ ಪರೀಕ್ಷಿಸಿ ಎಂಬುದನ್ನು ನೆನಪಿಡಬೇಕು.

ತಂತಿಯ ದಪ್ಪ ಎಷ್ಟಿರಬೇಕು?

21 ವ್ಯಾಟ್‌ನ ಬಲ್ಬು 12 ವೋಲ್ಟ್‌ನಲ್ಲಿ 1.75 ಆಂಪಿಯರ್ ವಿದ್ಯುತ್ ಸೆಳೆಯುತ್ತದೆ. ಎರಡು ಬ್ರೇಕ್ ದೀಪಗಳು ಸೇರಿ 3.5 ಆಂಪಿಯರ್. ಸಾಕೆಟ್‌ನಿಂದ ದೀಪದವರೆಗೆ 10 ಮೀಟರ್ ಉದ್ದದ, 1 ಚದರ ಮಿ.ಮೀ. ಗಾತ್ರದ ತಾಮ್ರದ ತಂತಿ ಬಳಸಿದರೆ ಹೋಗುವ ಹಾಗೂ ಮರಳುವ ದಾರಿಗಳಲ್ಲಿ ಒಟ್ಟು ಸುಮಾರು 1.2 ವೋಲ್ಟ್ ನಷ್ಟವಾಗುತ್ತದೆ. ಅದು 12 ವೋಲ್ಟ್‌ನ ಹತ್ತನೆಯ ಒಂದು ಭಾಗ. ಆದರೆ ಎಳೆಯ ಬಲ್ಬಿನಲ್ಲಿ ವೋಲ್ಟೇಜ್ ಶೇ. 10ರಷ್ಟು ಕುಸಿದರೆ ಬೆಳಕು ಸುಮಾರು ಶೇ. 30ರಷ್ಟು ಕುಸಿಯುತ್ತದೆ. ಅದೇ ಉದ್ದಕ್ಕೆ 2.5 ಚದರ ಮಿ.ಮೀ. ತಂತಿ ಬಳಸಿದರೆ ನಷ್ಟ ಅರ್ಧ ವೋಲ್ಟ್‌ಗೆ ಇಳಿಯುತ್ತದೆ.

ಎಲ್ಲ ದೀಪಗಳ ವಿದ್ಯುತ್ ಅರ್ತ್ ತಂತಿಯೊಂದರಲ್ಲೇ ಮರಳುವುದರಿಂದ ಅದು ಇತರ ತಂತಿಗಳಿಗಿಂತ ದಪ್ಪವಾಗಿರಬೇಕು. ಒಂದು ಟ್ರೇಲರ್‌ಗೆ ದೀಪಗಳ ತಂತಿ 1.5 ಚದರ ಮಿ.ಮೀ. ಹಾಗೂ ಅರ್ತ್ ತಂತಿ 2.5 ಚದರ ಮಿ.ಮೀ. ಇರುವುದು ಸೂಕ್ತ. ಮನೆಯ ವೈರಿಂಗ್‌ಗೆ ಬಳಸುವ ಒಂಟಿ ಗಟ್ಟಿ ತಂತಿಯನ್ನು ಬಳಸಬಾರದು. ಅದು ಕುಲುಕಾಟಕ್ಕೆ ತುಂಡಾಗುತ್ತದೆ. ವಾಹನಗಳಿಗೆಂದೇ ಇರುವ, ಅನೇಕ ಸಣ್ಣ ಎಳೆಗಳಿಂದ ಕೂಡಿದ ಬಾಗುವ ತಂತಿಯನ್ನೇ ಕೊಳ್ಳಬೇಕು.

ಫ್ಯೂಸ್, ಫ್ಲ್ಯಾಷರ್ ಮತ್ತು ಎಲ್‌ಇಡಿ ದೀಪಗಳು

ಟ್ರ್ಯಾಕ್ಟರ್‌ನ ಎರಡು ಬ್ರೇಕ್ ದೀಪಗಳು ಮತ್ತು ಒಂದು ಟ್ರೇಲರ್‌ನ ಎರಡು ಸೇರಿದರೆ 84 ವ್ಯಾಟ್, ಅಂದರೆ 7 ಆಂಪಿಯರ್ ಆಗುತ್ತದೆ. ಹಿಂದೆ ಇನ್ನೊಂದು ಟ್ರೇಲರ್ ಕಟ್ಟಿದರೆ 126 ವ್ಯಾಟ್, ಅಂದರೆ 10.5 ಆಂಪಿಯರ್. ಆ ಸಾಲಿನಲ್ಲಿ 10 ಆಂಪಿಯರ್‌ನ ಕೆಂಪು ಫ್ಯೂಸ್ ಇದ್ದರೆ ಅದು ಸುಟ್ಟುಹೋಗಬಹುದು. ಆಗ ಕೆಲವರು ಫ್ಯೂಸ್ ಜಾಗದಲ್ಲಿ ತಾಮ್ರದ ತಂತಿ ಸುತ್ತುತ್ತಾರೆ ಅಥವಾ ಹೆಚ್ಚಿನ ಆಂಪಿಯರ್‌ನ ಫ್ಯೂಸ್ ಹಾಕುತ್ತಾರೆ. ಇದು ಅತ್ಯಂತ ಅಪಾಯಕಾರಿ. ಫ್ಯೂಸ್ ಇರುವುದು ತಂತಿಯನ್ನು ಕಾಯಲು. ಅದು ಸುಡದಿದ್ದರೆ ತಂತಿಯೇ ಕಾದು ಹೊತ್ತಿಕೊಳ್ಳುತ್ತದೆ. ಒಣಗಿದ ರವದಿ, ಕಣಕಿ ಅಥವಾ ಹತ್ತಿ ಹೇರಿದ ಟ್ರೇಲರ್‌ನಲ್ಲಿ ಒಂದು ಕಿಡಿ ಸಾಕು.

ಸರಿಯಾದ ಪರಿಹಾರಗಳು ಎರಡು. ಟ್ರೇಲರ್‌ನ ದೀಪಗಳನ್ನು ಎಲ್‌ಇಡಿಗೆ ಬದಲಿಸಿದರೆ ವಿದ್ಯುತ್ ಬಳಕೆ ಬಹಳಷ್ಟು ಇಳಿಯುತ್ತದೆ. ಇಲ್ಲವೇ, ಬ್ಯಾಟರಿಯಿಂದ ಪ್ರತ್ಯೇಕ ಫ್ಯೂಸ್ ಮತ್ತು ರಿಲೇ ಮೂಲಕ ಟ್ರೇಲರ್‌ಗೆ ಬೇರೆ ಸಾಲು ಕೊಡಿಸಬೇಕು. ಈ ಕೆಲಸವನ್ನು ನುರಿತ ಆಟೊ ಎಲೆಕ್ಟ್ರಿಷಿಯನ್‌ರಿಂದಲೇ ಮಾಡಿಸಬೇಕು. ಹಾಡು ಕೇಳುವ ಸಾಧನ, ಆಂಪ್ಲಿಫೈಯರ್ ಮತ್ತು ಅಲಂಕಾರದ ದೀಪಗಳಿಗೆ ಹಿಂದೀಪದ ತಂತಿಯಿಂದ ವಿದ್ಯುತ್ ಎಳೆಯುವುದು ಸರ್ವಥಾ ಸಲ್ಲದು. ಒಂದಕ್ಕಿಂತ ಹೆಚ್ಚು ಟ್ರೇಲರ್ ಎಳೆಯುವ ಮುನ್ನ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ನಿಯಮಗಳನ್ನು ವಿಚಾರಿಸಿಕೊಳ್ಳುವುದೂ ಅಗತ್ಯ.

ಇಂಡಿಕೇಟರ್ ಮಿನುಗುವಂತೆ ಮಾಡುವ ಸಾಧನ ಫ್ಲ್ಯಾಷರ್. ಎಷ್ಟು ಬಲ್ಬುಗಳಿಗೆ ಅದು ತಕ್ಕದ್ದು ಎಂಬುದನ್ನು ಅದರ ಮೇಲೆಯೇ ಬರೆದಿರುತ್ತದೆ. ಟ್ರೇಲರ್ ಸೇರಿಸಿದಾಗ ಒಂದು ಬದಿಗೆ 21 ವ್ಯಾಟ್‌ನ ಮೂರು ಬಲ್ಬುಗಳಾಗುವುದರಿಂದ ಅದಕ್ಕೆ ತಕ್ಕ ಫ್ಲ್ಯಾಷರ್ ಬೇಕು. ಇಂಡಿಕೇಟರ್ ಒಮ್ಮೆಲೇ ವೇಗವಾಗಿ ಮಿನುಗತೊಡಗಿದರೆ ಒಂದು ಬಲ್ಬು ಸುಟ್ಟಿದೆ ಎಂದು ತಿಳಿಯಬೇಕು. ಎಲ್ಲ ಇಂಡಿಕೇಟರ್‌ಗಳನ್ನೂ ಎಲ್‌ಇಡಿಗೆ ಬದಲಿಸಿದಾಗಲೂ ಹೀಗಾಗಬಹುದು. ಆಗ ಎಲ್‌ಇಡಿಗೆ ಹೊಂದುವ ಎಲೆಕ್ಟ್ರಾನಿಕ್ ಫ್ಲ್ಯಾಷರ್ ಹಾಕಿಸಬೇಕು. ಎಲ್‌ಇಡಿ ದೀಪಕ್ಕೆ ಧನ ಮತ್ತು ಋಣ ತಂತಿಗಳು ಅದಲುಬದಲಾದರೆ ಅದು ಬೆಳಗುವುದಿಲ್ಲ. ಕೊಳ್ಳುವಾಗ ಹಿಂದೀಪದ ಬೆಳಕಿಗಿಂತ ಬ್ರೇಕ್ ದೀಪದ ಬೆಳಕು ಸ್ಪಷ್ಟವಾಗಿ ಹೆಚ್ಚಿರುವುದನ್ನು ಹಗಲಿನಲ್ಲಿಯೇ ಬೆಳಗಿಸಿ ನೋಡಬೇಕು.

ತಂತಿ ಜೋಡಿಸುವ ಕ್ರಮ

1. ಪ್ಲಗ್, ಏಳು ಎಳೆಯ ಕೇಬಲ್, ಜಂಕ್ಷನ್ ಪೆಟ್ಟಿಗೆ, ಎರಡು ಹಿಂಬದಿ ದೀಪಗಳು, ನೋಂದಣಿ ಫಲಕದ ದೀಪ, ಲಗ್‌ಗಳು ಮತ್ತು ತಂತಿಗೆ ಹೊದಿಸುವ ಕೊಳವೆಯನ್ನು ಸಿದ್ಧಪಡಿಸಿಕೊಳ್ಳಿ.

2. ಮೊದಲು ಟ್ರ್ಯಾಕ್ಟರ್‌ನ ಸಾಕೆಟ್ ಪರೀಕ್ಷಿಸಿ. 12 ವೋಲ್ಟ್ ಬಲ್ಬೊಂದಕ್ಕೆ ಎರಡು ತಂತಿ ಕಟ್ಟಿ ಪರೀಕ್ಷಾ ದೀಪ ಮಾಡಿಕೊಳ್ಳಿ. ಒಂದು ತಂತಿಯನ್ನು 3ನೆಯ ಪಿನ್ನಿಗೆ ತಾಗಿಸಿ, ಇನ್ನೊಂದನ್ನು ಉಳಿದ ಪಿನ್‌ಗಳಿಗೆ ಒಂದೊಂದಾಗಿ ತಾಗಿಸಿ. ಜೊತೆಯವರು ಟ್ರ್ಯಾಕ್ಟರ್ ಮೇಲೆ ಕುಳಿತು ಸ್ವಿಚ್‌ಗಳನ್ನು ಹಾಕುತ್ತಾ ಹೋಗಲಿ. ಯಾವ ಪಿನ್ನಿನಲ್ಲಿ ಏನು ಬರುತ್ತದೆ ಎಂಬುದನ್ನು ಬರೆದಿಟ್ಟುಕೊಳ್ಳಿ.

3. ಕೇಬಲ್ಲನ್ನು ಡ್ರಾಬಾರ್‌ನಿಂದ ಹಿಂಬದಿಯವರೆಗೆ ಚೌಕಟ್ಟಿನ ಒಳಬದಿಯಲ್ಲಿ, ಕೊಳವೆಯೊಳಗೆ ಎಳೆಯಿರಿ. ಚೂಪಾದ ಅಂಚು ಮತ್ತು ಚಕ್ರಗಳಿಂದ ಅದು ದೂರವಿರಲಿ.

4. ಟ್ರ್ಯಾಕ್ಟರ್ ಪೂರ್ತಿ ತಿರುಗಿದಾಗ ಕೇಬಲ್ ಬಿಗಿಯಾಗಬಾರದು. ನೇರ ಹೋಗುವಾಗ ನೆಲಕ್ಕೆ ತಾಗಬಾರದು. ಎರಡೂ ಬದಿಗೆ ತಿರುಗಿಸಿ ನೋಡಿ ಉದ್ದವನ್ನು ನಿರ್ಧರಿಸಿ.

5. ತಂತಿಗಳನ್ನು ಬರೀ ತಿರುಚಿ ಟೇಪ್ ಸುತ್ತಬೇಡಿ. ಲಗ್ ಒತ್ತಿಸಿ ಅಥವಾ ಬೆಸುಗೆ ಹಾಕಿ, ಜಂಕ್ಷನ್ ಪೆಟ್ಟಿಗೆಯಲ್ಲಿ ಸ್ಕ್ರೂ ಬಿಗಿಯಿರಿ.

6. ಅರ್ತ್ ತಂತಿಯನ್ನು ಪ್ರತಿ ದೀಪಕ್ಕೂ ನೇರವಾಗಿ ಕೊಡಿ. ಟ್ರೇಲರ್‌ನ ಉಕ್ಕಿಗೂ ಒಂದು ಕಡೆ ಬಣ್ಣ ಕೆರೆದು, ಹೊಳೆಯುವ ಲೋಹಕ್ಕೆ ಬೋಲ್ಟ್‌ನಿಂದ ಬಿಗಿದು, ಮೇಲೆ ಗ್ರೀಸ್ ಸವರಬಹುದು. ಆದರೆ ಉಕ್ಕನ್ನೇ ನೆಚ್ಚಿಕೊಳ್ಳಬೇಡಿ.

7. ಟ್ರೇಲರ್‌ಗೆ ವೆಲ್ಡಿಂಗ್ ಮಾಡಿಸುವ ಮುನ್ನ ಪ್ಲಗ್ಗನ್ನು ಟ್ರ್ಯಾಕ್ಟರ್‌ನಿಂದ ತಪ್ಪದೆ ಕಳಚಿ. ವೆಲ್ಡಿಂಗ್ ವಿದ್ಯುತ್ ಹರಿದು ಆಲ್ಟರ್ನೇಟರ್ ಕೆಡುವ ಸಂಭವವಿದೆ.

ಕಬ್ಬಿನ ಹೊರೆಗೆ ಕಳಚಬಹುದಾದ ದೀಪದ ಹಲಗೆ

ಕಬ್ಬು ಸಾಗಿಸುವವರಿಗೆ ಇನ್ನೊಂದು ತೊಂದರೆ ಇದೆ. ತಂತಿ, ಬಲ್ಬು ಎಲ್ಲವೂ ಸರಿಯಿದ್ದರೂ ಹಿಂದಕ್ಕೆ ಚಾಚಿದ ಕಬ್ಬಿನ ಜಲ್ಲೆ ಮತ್ತು ಇಳಿಬಿದ್ದ ಸೋಗೆ ದೀಪಗಳನ್ನು ಮುಚ್ಚಿಬಿಡುತ್ತವೆ. ಕಾರ್ಖಾನೆಯ ಅಂಗಳದಲ್ಲಿ ಕಬ್ಬು ಇಳಿಸುವಾಗ ದೀಪಗಳು ಪೆಟ್ಟು ತಿಂದು ಒಡೆಯುತ್ತವೆ. ಒಡೆದ ದೀಪವನ್ನು ಹಂಗಾಮು ಮುಗಿಯುವವರೆಗೆ ಬದಲಿಸದಿರುವುದೂ ಉಂಟು.

ಇದಕ್ಕೆ ಸುಲಭ ಪರಿಹಾರ ಕಳಚಬಹುದಾದ ದೀಪದ ಹಲಗೆ. ಟ್ರೇಲರ್‌ನ ಅಗಲಕ್ಕೆ ಸರಿಯಾದ ಮರದ ಹಲಗೆ ಅಥವಾ ಹಗುರ ಕಬ್ಬಿಣದ ಪಟ್ಟಿಯ ಎರಡು ತುದಿಗಳಲ್ಲಿ ಹಿಂದೀಪ, ಬ್ರೇಕ್ ಮತ್ತು ಇಂಡಿಕೇಟರ್ ದೀಪಗಳನ್ನು, ಅವುಗಳ ಪಕ್ಕದಲ್ಲಿ ಕೆಂಪು ಪ್ರತಿಫಲಕಗಳನ್ನು, ನಡುವೆ ನೋಂದಣಿ ಫಲಕ ಮತ್ತು ಅದರ ದೀಪವನ್ನು ಅಳವಡಿಸಬೇಕು. ಟ್ರೇಲರ್‌ನ ಹಿಂಬದಿಯಲ್ಲಿ ಸಾಕೆಟ್ ಇರಿಸಿ, ಹಲಗೆಯ ಪ್ಲಗ್ಗನ್ನು ಅಲ್ಲಿ ಜೋಡಿಸಬೇಕು. ಹೊರೆ ಹೇರಿ ಹಗ್ಗ ಬಿಗಿದ ಮೇಲೆ, ಕಬ್ಬಿನ ಹೊರತುದಿಗಿಂತ ಹಿಂದೆ ಹಲಗೆಯನ್ನು ಎರಡು ಕೊಕ್ಕೆಗಳಿಂದ ಭದ್ರವಾಗಿ ತೂಗುಹಾಕಬೇಕು. ಇಳಿಸುವ ಮುನ್ನ ಕಳಚಿ ಟ್ರ್ಯಾಕ್ಟರ್‌ನಲ್ಲಿ ಇಟ್ಟುಕೊಂಡರೆ ದೀಪ ಒಡೆಯುವುದಿಲ್ಲ. ಎರಡು ಟ್ರೇಲರ್ ಇದ್ದವರು ಹಲಗೆಯನ್ನು ಕೊನೆಯ ಟ್ರೇಲರ್‌ಗೆ ಕಟ್ಟಬೇಕು. ನಡುವಿನ ಟ್ರೇಲರ್‌ನ ಪ್ಲಗ್ ಮತ್ತು ಸಾಕೆಟ್‌ಗಳು ಸರಿಯಿದ್ದರೆ ಮಾತ್ರ ಅಲ್ಲಿಗೆ ವಿದ್ಯುತ್ ತಲುಪುತ್ತದೆ.

ದೋಷ ಪತ್ತೆ ಹಚ್ಚುವ ವಿಧಾನ

ಒಂದು ದೀಪ ಮಾತ್ರ ಬೆಳಗದಿದ್ದರೆ: ಬಲ್ಬು ತೆಗೆದು ಎಳೆ ನೋಡಿ, ಬಲ್ಬು ಕೂರುವ ಜಾಗದ ತುಕ್ಕನ್ನು ಉಜ್ಜು ಕಾಗದದಿಂದ ತೆಗೆಯಿರಿ, ಅನಂತರ ಆ ದೀಪದ ತಂತಿಯನ್ನು ಪರೀಕ್ಷಿಸಿ.

ಎಲ್ಲ ದೀಪಗಳೂ ಮಂಕಾಗಿದ್ದರೆ ಅಥವಾ ಒಂದಕ್ಕೊಂದು ಸೇರಿಕೊಂಡು ಮಿನುಗಿದರೆ: ಬ್ಯಾಟರಿಯ ಋಣ ತುದಿಯಿಂದ ಉದ್ದನೆಯ ತಂತಿಯೊಂದನ್ನು ತಂದು ಟ್ರೇಲರ್ ದೀಪದ ಅರ್ತ್ ತುದಿಗೆ ತಾಗಿಸಿ. ದೀಪ ತಕ್ಷಣ ಪೂರ್ಣವಾಗಿ ಬೆಳಗಿದರೆ ದೋಷ ಅರ್ತ್‌ನಲ್ಲಿದೆ. 3ನೆಯ ಪಿನ್ನಿನಿಂದ ಆರಂಭಿಸಿ ದೀಪದವರೆಗೆ ಪ್ರತಿ ಜೋಡಣೆಯನ್ನೂ ಬಿಚ್ಚಿ, ಶುಚಿಗೊಳಿಸಿ, ಬಿಗಿಯಿರಿ.

ಟ್ರ್ಯಾಕ್ಟರ್‌ನ ದೀಪ ಬೆಳಗಿ ಟ್ರೇಲರ್‌ನದು ಒಂದೂ ಬೆಳಗದಿದ್ದರೆ: ಪ್ಲಗ್ ಮತ್ತು ಸಾಕೆಟ್ ನೋಡಿ. ಮಣ್ಣು, ಯೂರಿಯಾದ ಪುಡಿ ಮತ್ತು ನೀರು ಸೇರಿ ಪಿನ್‌ಗಳ ಮೇಲೆ ಹಸಿರು ಕಿಲುಬು ಕಟ್ಟುತ್ತದೆ. ಪಿನ್ ಸವೆದು ಸಡಿಲವಾಗಿದ್ದರೆ ಪ್ಲಗ್ ಬದಲಿಸಿ.

ಫ್ಯೂಸ್ ಮತ್ತೆ ಮತ್ತೆ ಸುಡುತ್ತಿದ್ದರೆ: ಪ್ಲಗ್ ಕಳಚಿ ಹೊಸ ಫ್ಯೂಸ್ ಹಾಕಿ. ಆಗ ಸುಡದಿದ್ದರೆ ಟ್ರೇಲರ್‌ನ ತಂತಿ ಎಲ್ಲೋ ಉಕ್ಕಿಗೆ ತಾಗುತ್ತಿದೆ ಅಥವಾ ಹೊರೆ ಹೆಚ್ಚಾಗಿದೆ ಎಂದರ್ಥ. ಶೆಡ್‌ನಲ್ಲಿ ತಿಂಗಳುಗಟ್ಟಲೆ ನಿಂತ ಟ್ರೇಲರ್‌ನ ತಂತಿಯನ್ನು ಇಲಿಗಳು ಕಡಿದಿರುವ ಸಾಧ್ಯತೆಯನ್ನೂ ಪರಿಶೀಲಿಸಿ.

ವಿದ್ಯುತ್ ಕೈಕೊಟ್ಟಾಗ ಕಾಯುವುದು ಪ್ರತಿಫಲಕ

ಎಷ್ಟು ಚೆನ್ನಾಗಿ ಜೋಡಿಸಿದ ದೀಪವೂ ಒಂದು ದಿನ ಆರಬಹುದು. ಪ್ರತಿಫಲಕ ಪಟ್ಟಿಗೆ ಬ್ಯಾಟರಿ ಬೇಡ, ತಂತಿ ಬೇಡ. ಟ್ರೇಲರ್‌ನ ಹಿಂದೆ ಕೆಂಪು, ಬದಿಗಳಲ್ಲಿ ಹಳದಿ ಮತ್ತು ಮುಂದೆ ಬಿಳಿ ಬಣ್ಣದ ಪಟ್ಟಿಗಳನ್ನು ಅಂಟಿಸಬೇಕು. ಅಂಟಿಸುವ ಮುನ್ನ ಮೇಲ್ಮೈಯನ್ನು ತೊಳೆದು ಒಣಗಿಸಬೇಕು. ಅಂಟಿಸಿದ ಪಟ್ಟಿಯ ಮೇಲೆ ಧೂಳು ಕೂತರೆ ಅದು ಹೊಳೆಯುವುದಿಲ್ಲವಾದ್ದರಿಂದ ವಾರಕ್ಕೊಮ್ಮೆಯಾದರೂ ಒದ್ದೆ ಬಟ್ಟೆಯಿಂದ ಒರೆಸಬೇಕು. ಚಕ್ಕಡಿಗಳ ಹಿಂಭಾಗಕ್ಕೂ ಇದೇ ಪಟ್ಟಿಯನ್ನು ಅಂಟಿಸುವುದು ಒಳ್ಳೆಯದು. ಪ್ರತಿಫಲಕವು ಬೇರೆಯವರ ಬೆಳಕು ಬಿದ್ದಾಗ ಮಾತ್ರ ಹೊಳೆಯುತ್ತದೆ. ಆದ್ದರಿಂದ ಅದು ದೀಪಕ್ಕೆ ಬದಲಿಯಲ್ಲ. ದೀಪ ಮತ್ತು ಪ್ರತಿಫಲಕ ಎರಡೂ ಇರಬೇಕು.

ಟ್ರೇಲರ್ ರಸ್ತೆಯಲ್ಲಿ ಕೆಟ್ಟು ನಿಂತರೆ ಸಾಧ್ಯವಾದಷ್ಟು ಬದಿಗೆ ಸರಿಸಿ, ನಾಲ್ಕೂ ಇಂಡಿಕೇಟರ್‌ಗಳು ಒಟ್ಟಿಗೆ ಮಿನುಗುವಂತೆ ಮಾಡಿ. ಸುಮಾರು 50 ಮೀಟರ್ ಹಿಂದೆ ಪ್ರತಿಫಲಿಸುವ ತ್ರಿಕೋನ ಫಲಕವನ್ನು ಇಡಿ. ತಿರುವು ಅಥವಾ ಇಳಿಜಾರು ಇದ್ದರೆ ಅದಕ್ಕೂ ಮುಂಚೆ ಕಾಣುವಂತೆ ಇಡಿ. ಕಲ್ಲುಗಳನ್ನು ರಸ್ತೆಯ ಮೇಲೆ ಸಾಲಾಗಿ ಜೋಡಿಸಿ, ಹೊರಡುವಾಗ ಅಲ್ಲಿಯೇ ಬಿಟ್ಟು ಹೋಗುವ ರೂಢಿ ಇದೆ. ಕತ್ತಲೆಯಲ್ಲಿ ಆ ಕಲ್ಲುಗಳೇ ಇನ್ನೊಬ್ಬರ ಪ್ರಾಣಕ್ಕೆ ಎರವಾಗುವುದರಿಂದ ಈ ರೂಢಿಯನ್ನು ಕೈಬಿಡಬೇಕು.

ಹೊರಡುವ ಮುನ್ನ ಪರಿಶೀಲಿಸಿ

• ಪ್ಲಗ್ ಪೂರ್ತಿ ಕೂತಿದೆಯೇ? ಸಾಕೆಟ್‌ನ ಮುಚ್ಚಳದ ಹಲ್ಲು ಅದನ್ನು ಹಿಡಿದಿದೆಯೇ?
• ಹಿಂದೀಪ, ಬ್ರೇಕ್, ಎಡ ಮತ್ತು ಬಲ ಇಂಡಿಕೇಟರ್‌ಗಳು ಬೆಳಗುತ್ತವೆಯೇ? ಒಬ್ಬರು ಹಿಂದೆ ನಿಂತು ನೋಡಲಿ.
• ಹಿಂದೀಪ ಉರಿಯುತ್ತಿರುವಾಗಲೇ ಬ್ರೇಕ್ ಮತ್ತು ಇಂಡಿಕೇಟರ್ ಎರಡನ್ನೂ ಹಾಕಿ ನೋಡಿದ್ದೀರಾ? ಅರ್ತ್ ದೋಷ ಆಗಲೇ ಬೆಳಕಿಗೆ ಬರುವುದು.
• ಹೊರೆಯಿಂದ ದೀಪ ಮತ್ತು ಪ್ರತಿಫಲಕ ಮುಚ್ಚಿಲ್ಲವೇ? ಇಪ್ಪತ್ತು ಹೆಜ್ಜೆ ಹಿಂದೆ ಹೋಗಿ ನೋಡಿ.
• ಎರಡು ಬಿಡಿ ಬಲ್ಬು, ಸರಿಯಾದ ಆಂಪಿಯರ್‌ನ ಎರಡು ಫ್ಯೂಸ್, ಪರೀಕ್ಷಾ ದೀಪ ಮತ್ತು ತ್ರಿಕೋನ ಫಲಕ ಟ್ರ್ಯಾಕ್ಟರ್‌ನಲ್ಲಿ ಇವೆಯೇ?

ಟ್ರೇಲರ್ ಕಳಚಿದಾಗ ಪ್ಲಗ್ಗನ್ನು ನೆಲಕ್ಕೆ ಬಿಡದೆ, ಡ್ರಾಬಾರ್‌ಗೆ ಕೊಕ್ಕೆ ಬೆಸೆಸಿ, ಬಾಯಿ ಕೆಳಗಿರುವಂತೆ ತೂಗುಹಾಕಬೇಕು.

ವಿಸ್ತರಣಾ ಕಾರ್ಯಕರ್ತರಿಗೆ

ನುರಿಸುವ ಹಂಗಾಮು ಆರಂಭವಾಗುವ ಮುನ್ನ, ಅಕ್ಟೋಬರ್ ತಿಂಗಳಲ್ಲಿ, ಗ್ರಾಮ ಮಟ್ಟದಲ್ಲಿ ಅರ್ಧ ದಿನದ ಟ್ರೇಲರ್ ದೀಪ ತಪಾಸಣೆಯನ್ನು ಏರ್ಪಡಿಸುವುದು ಉಪಯುಕ್ತ. ಸ್ಥಳೀಯ ಆಟೊ ಎಲೆಕ್ಟ್ರಿಷಿಯನ್‌ರನ್ನು ಕರೆಸಿ, ಒಂದು ಟ್ರೇಲರ್‌ನ ಅರ್ತ್ ತಂತಿಯನ್ನು ಉದ್ದೇಶಪೂರ್ವಕವಾಗಿ ಬಿಚ್ಚಿ ತೋರಿಸಿದರೆ ಮೇಲೆ ಹೇಳಿದ ಲಕ್ಷಣಗಳು ರೈತರಿಗೆ ಒಮ್ಮೆಗೇ ಮನದಟ್ಟಾಗುತ್ತವೆ. ಟ್ರ್ಯಾಕ್ಟರ್ ನಡೆಸುವವರು ಬಹುಪಾಲು ಯುವಕರು ಮತ್ತು ಬಾಡಿಗೆ ಚಾಲಕರು ಆಗಿರುವುದರಿಂದ ಮಾಲೀಕರೊಂದಿಗೆ ಅವರನ್ನೂ ತಪ್ಪದೆ ಆಹ್ವಾನಿಸಬೇಕು.

ಟ್ರೇಲರ್‌ನ ಹಿಂಬದಿಯ ದೀಪವನ್ನು ಅದರ ಮಾಲೀಕ ನೋಡುವುದು ಅಪರೂಪ. ಅವನು ಸದಾ ಮುಂದೆಯೇ ಕುಳಿತಿರುತ್ತಾನೆ. ಅದನ್ನು ನೋಡುವವರು ಹಿಂದಿನಿಂದ ಬರುವವರು. ಅವರಲ್ಲಿ ನಮ್ಮ ಊರಿನವರೂ ಇರುತ್ತಾರೆ, ಮನೆಯವರೂ ಇರುತ್ತಾರೆ. ಆದುದರಿಂದ ಈ ಹಂಗಾಮಿನ ಮೊದಲ ಹೊರೆ ಹೇರುವ ಮುನ್ನವೇ ಅರ್ತ್ ತಂತಿಯನ್ನು ಸರಿಪಡಿಸಿ, ಪ್ರತಿಫಲಕವನ್ನು ಅಂಟಿಸಿ, ದೀಪ ಬೆಳಗಿಸಿ ನೋಡಬೇಕೆಂದು ರೈತ ಬಾಂಧವರಲ್ಲಿ ವಿನಂತಿ. ಹೆಚ್ಚಿನ ಮಾಹಿತಿಗೆ ಸಮೀಪದ ಕೃಷಿ ವಿಜ್ಞಾನ ಕೇಂದ್ರವನ್ನು ಅಥವಾ ತಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರವನ್ನು ಸಂಪರ್ಕಿಸಬಹುದು.